ಖಾನಾಪುರದವರು ಬೇಡ ಎನ್ನಲಿಲ್ಲ

ಖಾನಾಪುರದ ಜನ ಆ ಪಾಟಿಯನ್ನು ಬೇಡ ಎನ್ನಲಿಲ್ಲ. ಬೇಡ ಎಂದವಳು ನಾನು. ಅವರು ಆಡಿದ ಮಾತನ್ನು ತಿರುಚಿ ನನ್ನ ಮೈದುನನ ಹೆಂಡತಿ ಸುಶೀಲೆಯ ಕಿವಿಗೆ ಹಾಕಿದವಳು ನಾನು — ಬೆಳಗಾವಿ ಶಿವಬಸವ ನಗರದ ಪಾಟಿ ಕಾರ್ಖಾನೆಯವರ ಮನೆಯ ಹಿರಿಯ ಸೊಸೆ, ಶಾಂತಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನದು ಮುಂದಿನದು ಹೇಳುತ್ತ ಕೂತರೆ ಎಲ್ಲೋ ಒಂದು ಕಡೆ ಸಂದಿ ಮಾಡಿಕೊಂಡು ನುಸುಳಿಬಿಡುತ್ತೇನೆ. ನನ್ನ ಗುಣ ನನಗೆ ಗೊತ್ತು.

ನಮ್ಮ ಮನೆಯಲ್ಲಿ ಇಷ್ಟು ವರ್ಷ ಒಂದು ಮಾತು ಓಡಾಡಿಕೊಂಡಿದೆ — "ಆಗ ಜನಕ್ಕ ಬ್ಯಾಡಾಗಿತ್ತು." ಊಟಕ್ಕೆ ಕೂತಾಗ, ಬೀಗರು ಬಂದಾಗ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಯಾರಾದರೂ ಪಾಟಿಯ ಸುದ್ದಿ ತೆಗೆದರೆ ಸಾಕು, ಈ ಮಾತು ಬಂತೆಂದೇ. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಯಾವ ಜನ? ಯಾರ ಮನೆಯ ಜನ? ನನ್ನ ತವರೂರಿನವರನ್ನು, ಒಂದಿಷ್ಟೂ ತಪ್ಪು ಮಾಡದವರನ್ನು, ಹೊಸದು ಕಂಡರೆ ಮೂಗು ಮುರಿಯುವ ಮಂದಿ ಎಂದು ಆಡಿಕೊಂಡು ನಗುತ್ತಾರಲ್ಲ — ಆ ನಗೆಗೆ ದಾರಿ ಮಾಡಿಕೊಟ್ಟವಳು ನಾನು. ಅಷ್ಟೇ ಆಗಿದ್ದರೆ... ಅಷ್ಟೇ ಅಲ್ಲ. ನಾನೂ ಅವರ ಜೊತೆ ಕೂತು ನಕ್ಕಿದ್ದೇನೆ. ಇದಕ್ಕೆ ನಾಚಿಕೆಗೇಡು ಎಂದರೆ ಕಡಿಮೆಯಾಯಿತು.

ಎಮರ್ಜೆನ್ಸಿ ಬರುವುದಕ್ಕೂ ಮುಂಚಿನ ಸಂಗತಿ. ಮನೆಯ ಹಿತ್ತಲಿನಲ್ಲೇ ನಮ್ಮ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಹೊರಗಿನಿಂದ ಬಂದ ಕಲ್ಲಿನ ಹಲಗೆಗಳನ್ನು ತಿಕ್ಕಿ ನುಣುಪು ಮಾಡಿ, ಕಟ್ಟಿಗೆಯ ಚೌಕಟ್ಟು ಕೂಡಿಸಿ, ಮಕ್ಕಳು ಅಕ್ಷರ ತಿದ್ದುವ ಪಾಟಿ ಮಾಡುವ ಜಾಗ. ಖಡೇಬಜಾರಿನಲ್ಲಿ ಅಂಗಡಿ. ಅಲ್ಲಿ ಪೆನ್ಸಿಲ್ಲು, ಮಸಿ, ನೋಟ್‌ಬುಕ್ಕು ಎಲ್ಲ ಇದ್ದವು, ಆದರೆ ಮನೆ ನಡೆಯುತ್ತಿದ್ದುದು ಪಾಟಿಯಿಂದ. ಮಾವನವರು ಹೇಳಿದ್ದೇ ಕಡೆಯ ಮಾತು. ಒರಟು ಮನುಷ್ಯ, ಆದರೆ ಒಂದು ಮಾತು ಕೊಟ್ಟರೆ ಅದರಿಂದ ಹಿಂದೆ ಸರಿದದ್ದನ್ನು ನಾನು ನೋಡಿಲ್ಲ.

ಸುಶೀಲೆ ಇಳಕಲ್ಲಿನ ಕಡೆಯವಳು. ನಮ್ಮ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ಮದುವೆಗೆ ಮುಂಚೆ ಊರಿನ ಸಾಲಿಯಲ್ಲಿ ಸಣ್ಣ ಮಕ್ಕಳಿಗೆ ಕಲಿಸಿದ್ದಳಂತೆ. ಹಾಗಾಗಿ ನನ್ನ ಮಗಳು ಕಸ್ತೂರಿಗೆ ಅಕ್ಷರ ಕಲಿಸುವ ಕೆಲಸ ತಾನಾಗಿ ಅವಳ ಪಾಲಿಗೆ ಹೋಯಿತು. ನನಗೂ ಹಗುರಾಯಿತು. ಒಂದು ಸಂಜೆ ಕಸ್ತೂರಿ 'ಅಕ್ಕ' ಎಂದು ಬರೆಯುತ್ತಿದ್ದಳು. ನಮ್ಮದೇ ಅಂಗಡಿಯ ಗೆರೆ ಹಾಕಿದ ಪಾಟಿ — ಸಮನಾದ ಗೆರೆ, ಒಂದರ ಕೆಳಗೊಂದು. ಮೇಲೆ 'ಅಕ' ಸರಿಯಾಗಿ ಕೂತರೆ ಕೆಳಗಿನ ಒತ್ತು ಮುಂದಿನ ಸಾಲಿನ ನೆತ್ತಿಯ ಮೇಲೆ ಹೋಗಿ ಕೂತಿತ್ತು. ಒತ್ತಿಗೆ ಜಾಗ ಬಿಟ್ಟು ಬರೆದರೆ ಅಕ್ಷರ ಗೆರೆ ಬಿಟ್ಟು ಮೇಲೆ ತೂಗಾಡುತ್ತಿತ್ತು. ನಾನು ಹುಡುಗಿಯ ತಲೆಗೊಂದು ಮೊಟಕಿದೆ.

"ಆಕೀದೇನ ತಪ್ಪಿಲ್ರಿ ಯಕ್ಕಾ," ಎಂದಳು ಸುಶೀಲೆ. "ಪಾಟ್ಯಾಗ ಒತ್ತಕ್ಷರಕ್ಕ ಜಾಗಾನ ಬಿಟ್ಟಿಲ್ಲ. ಕೂಸು ಎಲ್ಲಿ ಬರೀಬೇಕ್ರಿ?"

ಇಷ್ಟು ದಿನ ಪಾಟಿ ಮಾರಿದ ಮನೆ ನಮ್ಮದು. ಒಬ್ಬರಿಗೂ ಇದು ಹೊಳೆದಿರಲಿಲ್ಲ. ಅವಳಿಗೆ ಹೊಳೆಯಿತು. ಅಲ್ಲಿಗೂ ಬಿಡಲಿಲ್ಲ. ಓಣಿಯ ಮರಾಠಿ ಮನೆಯ ಮಕ್ಕಳು ಬರೆಯುವುದನ್ನು ಹೋಗಿ ನೋಡಿಬಂದಳು. ನಾವು ಅಕ್ಷರವನ್ನು ಕೆಳಗಿನ ಗೆರೆಯ ಮೇಲೆ ಕೂಡಿಸುತ್ತೇವೆ, ಅವರು ಮೇಲಿನ ಗೆರೆಗೆ ಜೋತುಬಿಡುತ್ತಾರೆ. ಎರಡಕ್ಕೂ ಒಂದೇ ಗೆರೆ ಯಾಕೆ ಎಂದಳು. ಪಾಟಿಯ ಒಂದು ಮಗ್ಗುಲಲ್ಲಿ ಕನ್ನಡಕ್ಕೆ — ಪ್ರತಿ ಸಾಲಿನ ಕೆಳಗೆ ಒತ್ತಿಗೆ ಸಣ್ಣ ಪಟ್ಟಿ. ಇನ್ನೊಂದು ಮಗ್ಗುಲಲ್ಲಿ ಮರಾಠಿಗೆ — ಪ್ರತಿ ಸಾಲಿಗೂ ಮೇಲೊಂದು ದಪ್ಪ ಗೆರೆ. ಕನ್ನಡ ಸಾಲಿ, ಮರಾಠಿ ಸಾಲಿ ಎರಡೂ ಇರುವ ನಮ್ಮ ಕಡೆ ಒಂದೇ ಪಾಟಿ ಎರಡೂ ಮನೆಗೆ ಸಲ್ಲುತ್ತದೆ ಎಂದಳು. ಬೋಳು ಪಾಟಿಗಳನ್ನು ತಂದು ಉಕ್ಕಿನ ಮೊಳೆಯಿಂದ ತಾನೇ ಗೆರೆ ಕೊರೆದಳು, ಕೆಂಪು ಬಣ್ಣ ತುಂಬಿದಳು. ಅಂಗೈ ಸಿಗಿದುಕೊಂಡಳು. ಅರಿಸಿನ ಹಚ್ಚಿ ಬಟ್ಟೆ ಕಟ್ಟಿದವಳು ನಾನೇ.

ಮಾವನವರು ಪಾಟಿಯನ್ನು ಹಿಂದೆ ಮುಂದೆ ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಅಂದರು: "ಮಾಡೂಣು ಅಂದ್ರ ಮಾಡೂಣವಾ. ಆದ್ರ ಮಂದಿ ತಗೋಬೇಕಲ್ಲ? ಮೊದಲ ಕೇಳ್ಕೊಂಡ ಬರ್ರಿ. ಮಂದಿ ಹೂಂ ಅಂದ್ರ, ಕಾರ್ಖಾನಿ ಬಾಜೂಕಿನ ಖೋಲಿ ಈಕೀಗೆ ಕೊಡತೀನಿ. ಈ ಪಾಟಿ ಕೆಲಸಾ ಈಕೀನ ನೋಡ್ಕೊಳ್ಳಿ."

ನಮ್ಮ ಮನೆಯ ಹೆಣ್ಣುಮಗಳೊಬ್ಬಳಿಗೆ ಅವರು ಅಂಥ ಮಾತು ಕೊಟ್ಟದ್ದು ಅದೇ ಮೊದಲು. ಸುಶೀಲೆಯ ಮುಖ ಹೇಗಾಯಿತೆಂಬುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮುಖ ಹೇಗಾಗಿತ್ತೋ ಯಾರೂ ನೋಡಲಿಲ್ಲ. ನಾನು ಆ ಮನೆಗೆ ಬಂದು ಎಷ್ಟೋ ವರ್ಷವಾಗಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಕನ್ನಡ ಮರಾಠಿ ಎರಡೂ ಓದಿ ಬರೆಯಬಲ್ಲವಳು. ಒಂದು ದಿನ, ಒಂದೇ ಒಂದು ದಿನ, ಯಾರಾದರೂ 'ಶಾಂತಾ, ನಿನಗೇನನಿಸ್ತದ?' ಎಂದು ಕೇಳಿದ್ದರೇ? ರೊಟ್ಟಿ ತೆಳ್ಳಗಾಗಿದೆಯೇ ದಪ್ಪಗಾಗಿದೆಯೇ ಎಂಬುದರ ಹೊರತು ನನ್ನಿಂದ ಯಾರಿಗೂ ಏನೂ ಬೇಕಾಗಿರಲಿಲ್ಲ. ಈಗ ಇವಳು ಬಂದು ವರ್ಷ ತುಂಬಿಲ್ಲ, ಖೋಲಿ ಸಿಗುತ್ತದೆ, ಕೆಲಸ ಸಿಗುತ್ತದೆ — ನಾನು ಒಬ್ಬಳೇ ಒಲೆಯ ಮುಂದೆ. ಹೌದು, ಇದನ್ನೇ ಯೋಚಿಸಿದೆ. ಸಿಟ್ಟು ಬಂತು. ಆ ಸಿಟ್ಟು ಸುಳ್ಳಲ್ಲ, ಇಂದಿಗೂ ಇದೆ. ಆದರೆ ಸಿಟ್ಟು ಯಾರ ಮೇಲೆ ಮಾಡಬೇಕಾಗಿತ್ತೋ ಅವರ ಮುಂದೆ ತಲೆ ತಗ್ಗಿಸಿ ನಿಂತೆ, ನನ್ನ ಮಗಳಿಗೆ ಅಕ್ಷರ ಕಲಿಸಿದವಳ ಮೇಲೆ ತೀರಿಸಿಕೊಂಡೆ. ಇದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ನಾನು ಒಪ್ಪುವುದಿಲ್ಲ.

ಮೊದಲು ನಮ್ಮ ಓಣಿಯಲ್ಲೇ ಕೆಲವು ಮನೆಗಳಿಗೆ ಪಾಟಿ ಕೊಟ್ಟೆವು. ಎಲ್ಲರೂ "ಭಾಳ ಛಲೋ ಐತ್ರಿ" ಎಂದರು. ಸುಶೀಲೆ ಕುಣಿಯುತ್ತ ಬಂದು ಹೇಳಿದಳು. ಮಾವನವರು ತಲೆ ಆಡಿಸಿದರು. "ನಮ್ಮ ಮಂದಿ ನಮ್ಮ ಎದುರಿಗೆ ಛಲೋ ಇಲ್ಲ ಅಂತಾರೇನು? ಚಹಾ ಕುಡಿಸಿ ಕಳಸೂ ಮಂದಿ. ಓಣಿ ಹೊರಗಿನವರನ್ನ ಕೇಳ್ರಿ. ನಮ್ಮ ಪಾಟಿ ಹೆಚ್ಚ ಹೋಗೂದ ಖಾನಾಪುರದಾಗ. ಅಲ್ಲಿ ಮರಾಠಿ ಮಂದಿ ಏನಂತಾರ, ಅದ ಖರೇ." ಹಾಗೆಂದು ನನ್ನ ಕಡೆ ತಿರುಗಿದರು. "ಶಾಂತವ್ವಾ, ನೀ ಖಾನಾಪುರದಾಕಿ. ಈಕೀಗೆ ಮರಾಠಿ ಬರೂದಿಲ್ಲ. ನೀ ಜೋಡಿ ಹೋಗು."

ಹೋಳಿ ಹುಣ್ಣಿಮೆ ಮುಗಿದ ಮೇಲೆ ಲೋಂಡಾಕ್ಕೆ ಹೋಗುವ ಪ್ಯಾಸೆಂಜರ್ ಹತ್ತಿ ಇಬ್ಬರೂ ಖಾನಾಪುರದಲ್ಲಿ ಇಳಿದೆವು. ನನ್ನ ತವರಿನ ಹಿಂದಿನ ಗಲ್ಲಿಯಲ್ಲಿ, ಪೇಟೆಯ ಕಡೆಯ ಮನೆಗಳಲ್ಲಿ, ಸಣ್ಣ ಮಕ್ಕಳಿರುವ ಕಡೆ ಒಂದೊಂದು ಪಾಟಿ ಕೊಟ್ಟೆವು. ಹೇಗಿದೆ ಎಂದು ಈಗಲೇ ಕೇಳುವುದು ಬೇಡ ಎಂದಳು ಸುಶೀಲೆ. ಮಕ್ಕಳು ಬರೆಯಲಿ, ಆಮೇಲೆ ಬಂದು ನೋಡೋಣ, ಪಾಟಿ ಮೂಲೆಯಲ್ಲಿ ಬಿದ್ದಿದೆಯೋ ಪಾಟಿಚೀಲದಲ್ಲಿದೆಯೋ ಅದರಿಂದಲೇ ತಿಳಿಯುತ್ತದೆ ಎಂದಳು. ಅವಳಿಗೆ ಇದನ್ನು ಯಾರು ಹೇಳಿಕೊಟ್ಟಿದ್ದರೋ ಕಾಣೆ. ಬುದ್ಧಿವಂತೆ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಯುಗಾದಿ ಕಳೆದು ಮತ್ತೆ ಹೋದೆವು. ಮೊದಲು ಲೀಲಾಬಾಯಿಯ ಮನೆ. ನಾನು ಲಂಗ ಉಟ್ಟು ಓಡಾಡುತ್ತಿದ್ದಾಗಿನಿಂದ ನನ್ನನ್ನು ಕಂಡವಳು. ಒಳಗೆ ಕರೆದು ಕೂಡಿಸಿದಳು, ಗೇರುಹಣ್ಣು ಕೊಯ್ದು ಉಪ್ಪು ಹಚ್ಚಿ ಕೊಟ್ಟಳು. ಮೊಮ್ಮಗಳ ಪಾಟಿಚೀಲದಿಂದ ಪಾಟಿ ತೆಗೆದು ತೋರಿಸಿದಳು. ಚೌಕಟ್ಟು ಕೈಬೆವರಿನಿಂದ ಕಪ್ಪಾಗಿತ್ತು. ನಾನು ಮರಾಠಿಯಲ್ಲಿ ಕೇಳಿದೆ: ಇಂಥ ಪಾಟಿ ಅಂಗಡಿಗೆ ಬಂದರೆ ಕೊಂಡುಕೊಳ್ಳುತ್ತೀರಾ? ಆಕೆ ನಗುತ್ತ ಎರಡೇ ಮಾತು ಹೇಳಿದಳು — "ಚಾಲ್ತಂಯ್ ಕೀ."

ಬೆಳಗಾವಿ ಸೀಮೆಯ ಮರಾಠಿ ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ಇದಕ್ಕಿಂತ ಮನಸಾರೆ ಒಪ್ಪುವ ಮಾತು ಆ ಭಾಷೆಯಲ್ಲಿಲ್ಲ. 'ಆಗಲಿ ಬಿಡು, ಅದಕ್ಕೇನು, ತಂದುಕೊಡು' — ಇಷ್ಟೂ ಅದರಲ್ಲಿದೆ. ಆದರೆ ಪದಕ್ಕೆ ಪದ ಇಟ್ಟು ನೋಡಿದರೆ ಅದು 'ನಡೀತೈತಿ' ಅಷ್ಟೇ.

ಸುಶೀಲೆ ನನ್ನ ಮುಖ ನೋಡಿದಳು. "ಏನಂದ್ರಿ ಯಕ್ಕಾ?"

ನಾನು ಅಂದೆ: "ನಡೀತೈತಿ ಅಂತಾರ. ಈಗ ಇದ್ದದ್ದ ನಡೀತೈತಿ, ಬ್ಯಾರೇದೇನ ಬೇಕಾಗಿಲ್ಲ ಅಂತ."

ಮೊದಲೇ ಯೋಚಿಸಿಕೊಂಡು ಹೋಗಿದ್ದೆನೇ? ಗೊತ್ತಿಲ್ಲ. ಹೋಗಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಆ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು ಎಂಬುದಷ್ಟು ಖರೆ. ಮತ್ತು ಅದನ್ನು ಆಡಿದ ಕೂಡಲೇ ನಾನು ನನಗೇ ಹೇಳಿಕೊಂಡೆ — ಸುಳ್ಳೇನು ಹೇಳಿದೆ? ನಡೀತೈತಿ ಎಂದೇ ಅಂದಳಲ್ಲ ಆಕೆ? ಮುಂದಿನ ಒಂದು ತುಂಡು ಮಾತ್ರ ನನ್ನದು. ಎಂಥ ನೀಚ ಲೆಕ್ಕಾಚಾರ. ಅರ್ಧ ಖರೆ ಇದ್ದರೆ ಪೂರಾ ಪಾಪ ತಟ್ಟುವುದಿಲ್ಲ ಎಂದುಕೊಂಡೆನೋ ಏನೋ. ಲೀಲಾಬಾಯಿ ಕೊಟ್ಟ ಗೇರುಹಣ್ಣು ಇನ್ನೂ ನನ್ನ ಬಾಯಲ್ಲೇ ಇತ್ತು.

ಒಮ್ಮೆ ಹೇಳಿದ ಮೇಲೆ ಉಳಿದ ಮನೆಗಳಲ್ಲಿ ಕಷ್ಟವಾಗಲಿಲ್ಲ. ಒಬ್ಬಳು "ಚಾಲ್ತಂಯ್" ಎಂದಳು, ಇನ್ನೊಬ್ಬಳು "ಬರೀ ಹಾಯ್" ಎಂದಳು — ಚೆನ್ನಾಗಿದೆ ಎಂದು. ನಾನು ಅದನ್ನು "ಬರೀ ಚಂದ ಕಾಣತೈತಿ ಅಷ್ಟ" ಎಂದು ಮಾಡಿದೆ. ಪೇಟೆಯ ಅಂಗಡಿಯವರು, ನಮ್ಮಿಂದಲೇ ಮಾಲು ತರಿಸುತ್ತಿದ್ದ ವಯಸ್ಸಾದ ಮನುಷ್ಯ, ಪಾಟಿ ನೋಡಿ ಸಾಲಿ ಸುರುವಾಗುವ ಮೊದಲು ಕಳಿಸಿಕೊಡಿ, ಆಮೇಲೆ ಕಳಿಸಿದರೆ ಪ್ರಯೋಜನವಿಲ್ಲ ಎಂದರು. ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು. ನಾನು ಸುಶೀಲೆಗೆ ಹೇಳಿದೆ: "ಸಾಲಿ ಸುರು ಆಗಲಿ, ಆಮ್ಯಾಲೆ ನೋಡೂಣು ಅಂತಾರ. ಪ್ರಯೋಜನ ಕಾಣೂದಿಲ್ಲ ಅಂತಾರ." ಅವರ ಮಾತುಗಳನ್ನೇ ಇಟ್ಟುಕೊಂಡು, ಜಾಗ ಬದಲಿಸಿ ಕೊಟ್ಟೆ. ನನ್ನ ಎರಡು ಭಾಷೆಗಳನ್ನು ಅವತ್ತು ಅದಕ್ಕೆ ಬಳಸಿದೆ.

ಸುಶೀಲೆ ದಡ್ಡಿಯಲ್ಲ. ನಡೆಯುತ್ತ ನಡೆಯುತ್ತ ಒಂದು ಕಡೆ ನಿಂತಳು. "ಯಕ್ಕಾ, ನಕೋ ಅಂದ್ರ ಬ್ಯಾಡ ಅಂತ ನನಗೂ ಗೊತ್ತದ. ಒಬ್ಬರೂ ನಕೋ ಅನ್ನಲಿಲ್ಲಲ್ರಿ? ನಕ್ಕೋತ ಮಾತಾಡಿದ್ರು. ಪಾಟಿ ನೋಡ್ರಿ ಎಷ್ಟ ಬಳಸ್ಯಾರ."

ಅಲ್ಲಿಯಾದರೂ ನಿಲ್ಲಿಸಬಹುದಾಗಿತ್ತು. ಅವಳೇ ಬಾಗಿಲು ತೆರೆದುಕೊಟ್ಟಿದ್ದಳು. ತಪ್ಪು ಕೇಳಿಸಿಕೊಂಡೆ, ಮತ್ತೊಮ್ಮೆ ಕೇಳೋಣ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಮಾವನವರ ಮಾತನ್ನೇ ಎತ್ತಿಕೊಂಡೆ. "ಮಾವಾರು ಏನಂದ್ರು? ಎದುರಿಗೆ ಯಾರ ಬ್ಯಾಡ ಅಂತಾರ? ಮನೀಗೆ ಬಂದವರಿಗೆ ನಕೋ ಅನ್ನೂ ಮಂದಿ ಅಲ್ಲ ಇವರು. ಪುಕ್ಕಟೆ ಬಂದದ್ದು, ಬಳಸ್ಯಾರ. ತಗೋತೀರೇನು ಅಂದ್ರ ನಕ್ಕೋತ ದಾಟಿಸ್ತಾರ. ನಾ ಇಲ್ಲೇ ಹುಟ್ಟಿ ಬೆಳದಾಕಿ, ನನಗ ಗೊತ್ತಿಲ್ಲೇನು?" ಹೀಗೆ ಒಂದೇ ಉಸಿರಿನಲ್ಲಿ ನನ್ನ ಓಣಿಯ ಮಂದಿಗೆಲ್ಲ ಸುಳ್ಳರ ಪಟ್ಟ ಕಟ್ಟಿದೆ. ಅವರು ಮಾಡಿದ ತಪ್ಪೇನು? ಕೇಳಿದ್ದಕ್ಕೆ ಖರೆ ಹೇಳಿದ್ದರು.

ಸುಶೀಲೆ ನಂದಗಡಕ್ಕೂ ಹೋಗೋಣ ಎಂದಳು. ಅಲ್ಲಿ ಕನ್ನಡ ಮನೆಗಳಿವೆ, ಅವರನ್ನು ತಾನೇ ಕೇಳುತ್ತೇನೆ ಎಂದಳು. ತಾನೇ ಕೇಳುತ್ತೇನೆ ಎಂದದ್ದಕ್ಕೇ ನಾನು ಹೆದರಿದೆ. ಬಸ್ಸು ಸಿಗುವುದಿಲ್ಲ, ಹೊತ್ತಾಗುತ್ತದೆ, ಮನೆಯಲ್ಲಿ ಬಯ್ಯುತ್ತಾರೆ ಎಂದು ಹೇಳಿ ಕೈ ಹಿಡಿದು ಸ್ಟೇಷನ್ನಿಗೆ ಕರೆತಂದೆ. ಗಾಡಿಯಲ್ಲಿ ಅವಳು ಉಳಿದ ಪಾಟಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಮಾವನವರು ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದರು. ನಾನು ಹೇಳಬೇಕಾಗಿ ಬರುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಬರಲಿಲ್ಲ. ಸುಶೀಲೆಯೇ ಮುಂದೆ ಹೋಗಿ, ಸೆರಗು ಸರಿಮಾಡಿಕೊಂಡು ಹೇಳಿದಳು: "ಜನಕ್ಕ ಬ್ಯಾಡಂತ್ರಿ ಮಾವಾರ." ತನ್ನ ಕೈಯಿಂದ ಕೊರೆದದ್ದನ್ನು ತನ್ನ ಬಾಯಿಂದಲೇ ಬೇಡ ಎಂದಳು. ಮಾವನವರು ನನ್ನನ್ನು ನೋಡಿದರು.

"ಖರೇನು ಶಾಂತವ್ವಾ?"

"ಹೂನ್ರಿ," ಎಂದೆ.

ಅವತ್ತು ಅವರ ಎದುರು ನಾನು ಆಡಿದ್ದು ಅದೊಂದೇ ಮಾತು. ಅಷ್ಟಕ್ಕೇ ಎಲ್ಲ ಮುಗಿಯಿತು. ಆ ಖೋಲಿಯಲ್ಲಿ ಚೌಕಟ್ಟಿನ ಕಟ್ಟಿಗೆ ತುಂಬಿದರು. ಸುಶೀಲೆ ಅಡಿಗೆಮನೆಗೆ ಬಂದು ನನ್ನ ಪಕ್ಕ ಕೂತು ಹಿಟ್ಟು ನಾದಿದಳು. ನನಗೆ ಏನನಿಸಿತು? ನಿರಾಳ ಅನಿಸಿತು. ಬರೆಯಲು ಕೈ ಬರುವುದಿಲ್ಲ, ಆದರೂ ಬರೆದಿದ್ದೇನೆ.

ಇಷ್ಟಕ್ಕೇ ಇದು ನಿಂತಿದ್ದರೆ ಒಂದು ಪಾಟಿಯ ಕಥೆ ಎಂದು ನಾನೂ ಮರೆತುಬಿಡುತ್ತಿದ್ದೆನೋ ಏನೋ. ನಿಲ್ಲಲಿಲ್ಲ. ಖಾನಾಪುರದಲ್ಲಿ ಲೀಲಾಬಾಯಿ ಸಿಕ್ಕಾಗ ಕೇಳಿದಳು, ಪಾಟಿ ಯಾಕೆ ಬರಲಿಲ್ಲ, ನಾವು ಕಾಯುತ್ತ ಇದ್ದೆವಲ್ಲ ಎಂದು. ಏನು ಹೇಳಿದೆ? ನಮ್ಮ ಸಣ್ಣ ಸೊಸೆಗೆ ಮನಸ್ಸಿಲ್ಲ, ಸುರುಮಾಡಿ ಬಿಟ್ಟುಬಿಟ್ಟಳು ಎಂದೆ. ಪೇಟೆಯ ಅಂಗಡಿಯವರಿಗೂ ಆಕೆಯ ಬಾಯಿಂದ ಅದೇ ಮುಟ್ಟಿತು. ಇವಳಿಗೆ ಅವರು ಬೇಡವೆಂದರು ಎಂದೆ, ಅವರಿಗೆ ಇವಳು ಬೇಡವೆಂದಳು ಎಂದೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಎಂದೂ ಕೇಳಲಾರರು, ನಡುವೆ ನಾನಿದ್ದೇನಲ್ಲ. ಈ ಎರಡನೆಯ ಸುಳ್ಳಿಗಂತೂ ನನ್ನ ಹತ್ತಿರ ಒಲೆಯ ನೆಪವೂ ಇಲ್ಲ, ಹೊಟ್ಟೆಕಿಚ್ಚಿನ ನೆಪವೂ ಇಲ್ಲ.

ಸುಶೀಲೆಗೆ ಹೆಣ್ಣುಮಗುವಾಯಿತು, ಶೈಲಾ ಎಂದು ಹೆಸರಿಟ್ಟೆವು. ಮಗು ಸಾಲಿಗೆ ಹೋಗುವ ವಯಸ್ಸಾದಾಗ, ನಮ್ಮ ಕಡೆಯ ಒಂದು ಸಣ್ಣ ಸಾಲಿಯ ದೊಡ್ಡಬಾಯಿಯವರು, ಅಂದರೆ ಮುಖ್ಯ ಶಿಕ್ಷಕಿ, ಮನೆಗೇ ಬಂದರು. ಬಿನ್ನೆತ್ತಿ ಮಕ್ಕಳಿಗೆ, ಒಂದನೆಯ ಇಯತ್ತೆಗೂ ಮುಂಚಿನ ಸಣ್ಣವರಿಗೆ, ಕಲಿಸುವವರು ಬೇಕಾಗಿದ್ದಾರೆ, ನೀವು ಬನ್ನಿ ಎಂದು ಸುಶೀಲೆಯನ್ನು ಕೇಳಿದರು. ಮಾವನವರು ಹೋಗು ಎಂದರು. ಮೈದುನನೂ ಬೇಡ ಎನ್ನಲಿಲ್ಲ. ಸುಶೀಲೆಯೇ ಒಲ್ಲೆ ಎಂದಳು. "ನನಗ ಮಂದಿ ತಿಳಿಯೂದಿಲ್ರಿ ಬಾಯಾರ. ಮಂದಿಗೆ ಏನ ಬೇಕು, ಏನ ಬ್ಯಾಡ, ನನಗ ಗೊತ್ತಾಗೂದಿಲ್ಲ. ಒಮ್ಮಿ ನೋಡೀನಿ." ಚಹದ ಕಪ್ಪು ಹಿಡಿದುಕೊಂಡು ನಾನು ಅಲ್ಲೇ ನಿಂತಿದ್ದೆ. ಒಮ್ಮೆ ನೋಡಿದ್ದೇನೆ ಎಂದರೆ ಯಾವುದನ್ನು ಎಂದು ನನ್ನೊಬ್ಬಳಿಗೇ ಗೊತ್ತಾಯಿತು. ಬಾಯಿ ಬಿಡಬೇಕಾದ ಹೊತ್ತು ಇದ್ದರೆ ಅದೇ. ನಾನು ಅವರಿಗೆ ಇನ್ನಷ್ಟು ಚಹಾ ಬೇಕೇ ಎಂದು ಕೇಳಿದೆ.

ಆಮೇಲಂತೂ ಅವಳು ಯಾವುದಕ್ಕೂ ತನ್ನ ಮಾತು ಹೇಳುವುದನ್ನೇ ಬಿಟ್ಟಳು. ಸೀರೆಯ ಬಣ್ಣ ಕೂಡ "ನೀವ ಹೇಳ್ರಿ ಯಕ್ಕಾ" ಎನ್ನುತ್ತಿದ್ದಳು. ಊರಿನವರು ಅವಳನ್ನು ಬಲು ತಗ್ಗಿ ಬಗ್ಗಿ ನಡೆಯುವ ಸೊಸೆ ಎಂದು ಹೊಗಳಿದರು. ಹೊಗಳುತ್ತಾರಂತೆ! ಒಬ್ಬ ಚುರುಕು ಹೆಣ್ಣುಮಗಳ ನಾಲಗೆ ಕಿತ್ತಿಟ್ಟದ್ದನ್ನು ನೋಡಿ ಎಷ್ಟು ಛಲೋ ಸ್ವಭಾವ ಎಂದರು. ನನ್ನನ್ನೂ ಹೊಗಳಿದರು — ತಂಗಿಯ ಹಾಗೆ ನೋಡಿಕೊಳ್ಳುತ್ತಾಳೆ ಎಂದು. ಅದನ್ನೂ ಕೇಳಿಕೊಂಡು ಕೂತೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇರಬೇಕು, ಹೊರಗಿನ ಊರಿನಿಂದ ಹೊಸ ಪಾಟಿಗಳು ಬಜಾರಿಗೆ ಬಂದವು. ಒಂದು ಮಗ್ಗುಲಲ್ಲಿ ಒತ್ತಕ್ಷರಕ್ಕೆ ಜಾಗ, ಇನ್ನೊಂದರಲ್ಲಿ ಮೇಲೆ ದಪ್ಪ ಗೆರೆ. ಅದನ್ನು ಮಾಡಿದವರು ನಮ್ಮದನ್ನು ನೋಡಿರಲಿಲ್ಲ. ಸುಶೀಲೆಗೆ ಹೊಳೆದದ್ದು ಅವರಿಗೂ ಹೊಳೆದಿತ್ತು, ಅವರ ಮನೆಯಲ್ಲಿ ನನ್ನಂಥವಳಿರಲಿಲ್ಲ ಅಷ್ಟೇ. ಆ ಪಾಟಿಗಳನ್ನು ನಮ್ಮ ಅಂಗಡಿಯಲ್ಲೇ ಇಟ್ಟು ಮಾರಿದೆವು. ಖಾನಾಪುರದಿಂದ ಬಂದವರು ಕೇಳಿ ಕೇಳಿ ಒಯ್ದರು. ಊಟಕ್ಕೆ ಕೂತಾಗ ಮಾವನವರು ಅಂದರು: "ನೋಡ್ರಿ, ನಮ್ಮ ಸುಶೀಲಾ ಮಾಡಿದಾಗ ಇದ ಮಂದಿಗೆ ಬ್ಯಾಡಾಗಿತ್ತು. ಹೊರಗಿಂದ ಬಂದ್ರ ಬೇಕು." ಎಲ್ಲರೂ ನಕ್ಕರು. ಸುಶೀಲೆಯೂ ನಕ್ಕಳು. ಮೊದಲೇ ಹೇಳಿದೆನಲ್ಲ, ನಾನೂ ನಕ್ಕೆ.

ಹೋದ ವರ್ಷ ಮಾವನವರು ಲಿಂಗೈಕ್ಯರಾದರು. ಅವರ ಮುಂದೆ ಆಡಿದ 'ಹೂನ್ರಿ'ಯನ್ನು ಇನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಅವರು ಹಾಸಿಗೆ ಹಿಡಿದು ಬಹಳ ದಿನ ಇದ್ದರು. ಗಂಜಿ ಕುಡಿಸುತ್ತಿದ್ದವಳು ನಾನೇ. ದಿನಾ ಹೇಳಬಹುದಿತ್ತು. ಹೇಳಲಿಲ್ಲ. ಹಿರಿಯ ಜೀವಕ್ಕೆ ಯಾಕೆ ನೋವು ಎಂದುಕೊಂಡೆ ಎಂದು ಬರೆದರೆ ನೀವು ನಂಬಿಬಿಡುತ್ತೀರಿ, ಅದಕ್ಕೇ ಬರೆಯುವುದಿಲ್ಲ. ಅವರ ಕಣ್ಣಿನಲ್ಲಿ ನಾನು ಸಣ್ಣವಳಾಗುತ್ತೇನೆ ಎಂಬ ಹೆದರಿಕೆ ಮಾತ್ರ ಇತ್ತು.

ಈ ವರ್ಷ ಶೈಲಾಳ ಹತ್ತನೆಯ ತರಗತಿ ಮುಗಿಯಿತು. ಮುಂದೆ ಏನು ಓದಲಿ ಎಂದು ಅವ್ವನನ್ನು ಕೇಳಿದಳು. ಅಡಿಗೆಮನೆಯಲ್ಲಿ ನಾವಿಬ್ಬರೂ ಇದ್ದೆವು. ಸುಶೀಲೆ ರೊಟ್ಟಿ ಬಡಿಯುತ್ತಲೇ ಹೇಳಿದಳು: "ದೊಡ್ಡವ್ವನ್ನ ಕೇಳು. ಆಕೀಗೆ ಮಂದಿ ತಿಳೀತಾರ, ಜಗತ್ತ ತಿಳೀತದ. ನನಗೇನ ಗೊತ್ತಾಗತದ?" ಹುಡುಗಿ ನನ್ನ ಕಡೆ ತಿರುಗಿ ನಿಂತಳು. ಅವ್ವ ಹೇಳಬೇಕಾದ ಮಾತನ್ನು ನನ್ನಿಂದ ಕೇಳಿಸಿಕೊಳ್ಳಲು ಕಾಯುತ್ತಿದ್ದಳು. ನನ್ನ ಮಾತು ನಂಬಿ ನಿಂತವಳು ಇನ್ನೊಬ್ಬಳು. ಆಕೆಯನ್ನು ಹೊರಗೆ ಕಳಿಸಿ ಸುಶೀಲೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಲೀಲಾಬಾಯಿ ಅಂದದ್ದು, ಅಂಗಡಿಯವರು ಅಂದದ್ದು, ನಾನು ಅದನ್ನು ಏನು ಮಾಡಿದೆ ಎಂಬುದು.

ಸುಶೀಲೆಯ ಕೈ ನಿಂತಿತು. ರೊಟ್ಟಿ ಹಂಚಿನ ಮೇಲೆ ಕರಕಾಗತೊಡಗಿತು. ಇಳಿಸಲು ನಾನೂ ಕೈ ಹಾಕಲಿಲ್ಲ.

"ಎಲ್ಲಾರೂ ಹೂಂ ಅಂದಿದ್ರೇನ್ರಿ?" ಎಂದಳು.

"ಎಲ್ಲಾರೂ."

ಅವಳು ಅಳುತ್ತಾಳೆ ಎಂದುಕೊಂಡೆ. ನಾನು ಅಳಲು ಸುರುಮಾಡಿದೆ. ಅದನ್ನು ನೋಡಿದ ಮೇಲೆ ಅವಳಿಗೆ ಸಿಟ್ಟು ಬಂತು — ಈ ಮನೆಗೆ ಬಂದಾಗಿನಿಂದ ನಾನು ಕಂಡ ಮೊದಲ ಸಿಟ್ಟು.

"ನೀವ್ಯಾಕ ಅಳತೀರಿ? ನೀವು ಹೇಳಿದಿರಿ, ನಿಮ್ಮ ಎದಿ ಹಗುರಾತು. ನಂದೇನು? ಪಾಟಿ ಹಾಳಾಗಿ ಹೋಗ್ಲಿ. ನಾ ಇಷ್ಟ ವರ್ಷ ನನ್ನ ಬುದ್ಧೀಗೆ ನಾನ ಬೈಕೊಂಡೀನಿ. ಸಾಲೀಗೆ ಕರದ್ರ ಹೋಗಲಿಲ್ಲ. ನನ್ನ ಮಗಳು ಕೇಳಿದ್ರ ನಿಮ್ಮ ಕಡೆ ಬಟ್ಟು ಮಾಡೀನಿ. ಅದನ್ನ ಯಾರು ತಂದು ಕೊಡತೀರಿ? ನನ್ನ ಬಾಯಿಲೇ ಹೇಳಿಸಿದ್ರಲ್ಲ ಮಾವಾರ ಮುಂದ — ನನ್ನ ಬಾಯಿಲೇ."

ಅವಳು ಕೇಳಿದ್ದು ಒಂದನ್ನೇ: ನನ್ನ ಕಿವಿಯಲ್ಲಿ ಹೇಳಿ ಮುಗಿಸಬೇಡಿ, ಎಲ್ಲರ ಮುಂದೆ ಹೇಳಿ.

ಆ ದಿನ ಊಟಕ್ಕೆ ಎಲ್ಲರೂ ಕೂತಾಗ ಹೇಳಿದೆ. ಮೈದುನ ತಟ್ಟೆ ಬಿಟ್ಟು ಎದ್ದುಹೋದ. ನಮ್ಮ ಮನೆಯವರು ಕೈ ತೊಳೆಯುತ್ತ, "ಹಳೇ ಮಾತು, ಈಗ ಯಾಕ? ಬಿಡು ಅತ್ತಾಗ," ಎಂದರು. ಬಿಡು ಅತ್ತಾಗ! ಅವರಿಗೇನು, ಬಿಡಲು ಏನಿತ್ತು? ಬಿಟ್ಟವಳು ಅವಳು — ಖೋಲಿ ಬಿಟ್ಟಳು, ಸಾಲಿ ಬಿಟ್ಟಳು, ತನ್ನ ಮಾತು ಬಿಟ್ಟಳು. ನಾನು ನನ್ನ ಗಂಡನ ಮೇಲೆ ಬಾಯಿ ಮಾಡಿದ್ದು ಕಡಿಮೆ, ಅವತ್ತು ಮಾಡಿದೆ. ಇನ್ನು ಈ ಮನೆಯಲ್ಲಿ, ಅಂಗಡಿಯಲ್ಲಿ, ಜನಕ್ಕೆ ಬೇಡಾಗಿತ್ತು ಎಂಬ ಮಾತು ಕೇಳಿದರೆ ಅಲ್ಲೇ ಎಲ್ಲರೆದುರು ಅದು ಸುಳ್ಳು, ಹೇಳಿದವಳು ನಾನು ಎನ್ನುತ್ತೇನೆ ಎಂದೆ. ಖಾನಾಪುರಕ್ಕೂ ಹೋಗಿ ಬಂದೆ. ಲೀಲಾಬಾಯಿ ತೀರಾ ಮುದುಕಿಯಾಗಿದ್ದಾಳೆ. ಕೇಳಿಸಿಕೊಂಡಳು, ನನಗೆ ಒಳಗೆ ಬಾ ಎನ್ನಲಿಲ್ಲ. ಸರಿಯಾಗಿಯೇ ಮಾಡಿದಳು.

ಕ್ಷಮಿಸು ಎಂದು ನಾನು ಸುಶೀಲೆಯನ್ನು ಕೇಳಿಲ್ಲ. ಕೇಳಿದರೆ ಅವಳು ಕ್ಷಮಿಸಬೇಕಾಗುತ್ತದೆ, ಮತ್ತೆ ನನಗಾಗಿ ಅವಳು ಏನಾದರೂ ಕೊಡಬೇಕಾಗುತ್ತದೆ. ಅವಳು ನನ್ನನ್ನು ಈಗ ಯಕ್ಕಾ ಎನ್ನುವುದಿಲ್ಲ. ಮಾತಾಡಬೇಕಾದಾಗ "ಕಸ್ತೂರಿ ಅವ್ವಾರ" ಎನ್ನುತ್ತಾಳೆ, ಓಣಿಯವರು ಕರೆಯುವ ಹಾಗೆ.

ನಿನ್ನೆ ಮುಂಜಾನೆ ಸುಶೀಲೆ ಒಗೆದ ಸೀರೆ ಉಟ್ಟು, ಶೈಲಾಳನ್ನು ಕರೆದುಕೊಂಡು ಹೊರಟಳು. ಬಾಗಿಲ ಬಳಿ ನಿಂತಿದ್ದ ನನ್ನನ್ನು ದಾಟಿ ಹೋದಳು. ಕಾಲೇಜಿಗೋ, ಸಾಲಿಯ ದೊಡ್ಡಬಾಯಿಯವರ ಮನೆಗೋ, ಎಲ್ಲಿಗೆ ಎಂದು ಹೇಳಲಿಲ್ಲ. ನಮ್ಮ ಮನೆಯವರು ಒಳಗಿನಿಂದ ಬಂದು, "ಸುಶೀಲಾ ಎಲ್ಲಿ ಹೋದ್ಲು? ಏನಂತ ಆಕೀದು?" ಎಂದು ಎಂದಿನಂತೆ ನನ್ನನ್ನು ಕೇಳಿದರು.

"ನನ್ನ ಕೇಳಬ್ಯಾಡ್ರಿ," ಎಂದೆ. "ಬಂದ ಮ್ಯಾಲೆ ಆಕೀನ್ನ ಕೇಳ್ರಿ."